ಬಾಂಡ್ ಅಂದರೆ ಬಾಂಡೆ ತಂದರು

ನಮ್ಮೂರಲ್ಲಿ ಏನು ಕಟ್ಟಬೇಕಾದರೂ ಮೊದಲು ಪಟ್ಟಿ ಹಾಕುತ್ತಿದ್ದರು. ಗುಡಿಗೆ ಬಣ್ಣ, ದರ್ಗಾದ ಕಟ್ಟೆ, ಬಸ್ಸಿಗೆ ಕಾಯುವವರಿಗೆ ನೆರಳು, ಎಲ್ಲಕ್ಕೂ ಪಟ್ಟಿ. ಮನೆಮನೆಗೆ ಬಂದು ವಂತಿಗೆ ಬರೆಸಿಕೊಂಡು ಹೋಗುವುದು. ಪಟ್ಟಿಯ ತಲೆಗೆ ಯಾವಾಗಲೂ ಒಂದೇ ಹೆಸರು, ಗೊಬ್ಬರದಂಗಡಿಯ ಸಾವಕಾರರದು. ಅವರು ದೊಡ್ಡದಾಗಿ ಬರೆಸುತ್ತಿದ್ದರು, ಉಳಿದವರು ಕೈಲಾದಷ್ಟು. ಕೆಲಸ ಮುಗಿದ ಮೇಲೆ ಕಟ್ಟಿದ್ದು ಯಾರದು ಅನ್ನುವುದು ಪಟ್ಟಿ ನೋಡಿದರೆ ಗೊತ್ತಾಗುತ್ತಿರಲಿಲ್ಲ. ಕೀಲಿ ಯಾರ ಮನೆಯಲ್ಲಿದೆ ಅಂತ ನೋಡಬೇಕಾಗಿತ್ತು.

ನಾನು ಗೌಂಡಿ. ನಾಲ್ಕನೆಯ ಇಯತ್ತೆ ಮುಗಿಸದೆ ಸಾಲಿ ಬಿಟ್ಟು, ಸೋದರಮಾವನ ಹಿಂದೆ ಕರಣಿ ಹಿಡಿದು ಹೊರಟವನು. ಇದನ್ನು ನಾಚಿಕೊಂಡು ಹೇಳುತ್ತಿಲ್ಲ. ಬೈಲಹೊಂಗಲದಲ್ಲಿ, ಕಿತ್ತೂರಿನ ಸುತ್ತಮುತ್ತ, ಸವದತ್ತಿಯ ಗುಡ್ಡದ ಕೆಳಗೆ, ರಾಮದುರ್ಗದ ನೇಕಾರರ ಓಣಿಯಲ್ಲಿ ನಾನು ಕಟ್ಟಿದ ಗೋಡೆಗಳಿವೆ. ಸೊಟ್ಟ ಇದ್ದರೆ ಯಾರಾದರೂ ಬಂದು ತೋರಿಸಲಿ.

ಊರಿನ ಸಮುದಾಯ ಭವನವನ್ನೂ ನಾನೇ ಕಟ್ಟಿದ್ದು. ಅದರ ಪಟ್ಟಿಗೆ ಕೊಡಲು ನಮ್ಮ ಓಣಿಯವರ ಹತ್ತಿರ ಏನೂ ಇರಲಿಲ್ಲ. ಅದಕ್ಕೆ ಕಲ್ಲು ಹೊತ್ತರು, ನೀರು ಹೊತ್ತರು. ಮುಂದೆ ನನ್ನ ತಂಗಿಯ ಮದುವೆ ಬಂದಾಗ ಭವನದ ಕೀಲಿ ಕೇಳಲು ಸಾವಕಾರರ ಮನೆಗೆ ಹೋದೆ. ಅವರು ಪಡಸಾಲೆಯಲ್ಲಿ ಎಲೆಗೆ ಸುಣ್ಣ ಸವರುತ್ತ ಕುಳಿತಿದ್ದರು.

"ಭವನದಾಗ ಗೊಬ್ಬರದ ಚೀಲ ಇಳಿಸೇನಲ್ಲೋ ತಮ್ಮಾ. ಮುಂಗಾರಿ ಬಂತು. ಎಲ್ಲಿ ಇಡ್ಲಿ ನಾ?"

"ಮದುವಿನೂ ಮುಂಗಾರಿ ಮೊದಲ ಬರತಾವ್ರಿ ಸಾವಕಾರ್ರ."

"ಹಂಗಾರ ನಿಮ್ಮ ಮದುವಿ ಸ್ವಲ್ಪ ಮುಂದ ಹಾಕ್ರಿ. ಗೊಬ್ಬರ ಮುಂದ ಹಾಕಾಕ ಬರೂದಿಲ್ಲ."

ಮನೆಯ ಮುಂದಿನ ಬಯಲಲ್ಲಿ ಚಪ್ಪರ ಹಾಕಿ ಮದುವೆ ಮಾಡಿದೆವು. ಗಾಳಿಗೆ ಚಪ್ಪರದ ಒಂದು ಮಗ್ಗಲು ಹಾರಿಹೋಯಿತು. ಬೀಗರು ನಕ್ಕರು. ನಾನು ನಗಲಿಲ್ಲ.

ಇಷ್ಟನ್ನು ಮೊದಲೇ ಹೇಳುತ್ತಿರುವುದಕ್ಕೆ ಕಾರಣವಿದೆ. ತೊಂಬತ್ತರ ದಶಕದ ನಡುವಿನಲ್ಲಿ ನಮ್ಮೂರಿಗೆ ಹೈಸ್ಕೂಲು ಬರುವ ಮಾತು ಹುಟ್ಟಿದಾಗ, ಇವನಿಗೇನು ಇಷ್ಟು ಸೊಕ್ಕು ಅಂತ ಬಹಳ ಮಂದಿ ಕೇಳಿದರು. ಸೊಕ್ಕು ಎಲ್ಲಿಂದ ಬಂತು ಅನ್ನುವುದು ಗೊತ್ತಿರಲಿ.

ಆಗ ಊರಲ್ಲಿ ಏಳನೆಯ ಇಯತ್ತೆಯವರೆಗೆ ಮಾತ್ರ ಸಾಲಿ ಇತ್ತು. ಎಂಟಕ್ಕೆ ಬೈಲಹೊಂಗಲಕ್ಕೆ ಹೋಗಬೇಕು. ದೊಡವಾಡದ ಕಡೆಯಿಂದ ಬರುವ ಬಸ್ಸು ನಮ್ಮೂರು ಮುಟ್ಟುವಷ್ಟರಲ್ಲಿ ಬಾಗಿಲಲ್ಲಿ ಮಂದಿ ಜೋತುಬಿದ್ದಿರುತ್ತಿದ್ದರು. ಗಂಡುಹುಡುಗರು ಟಾಪಿನ ಮೇಲೆ ಹತ್ತಿ ಹೋಗುತ್ತಿದ್ದರು. ಹುಡುಗಿಯರು ಸಾಲಿ ಬಿಟ್ಟು ಕಳೆ ತೆಗೆಯಲು ಹೋಗುತ್ತಿದ್ದರು. ನನ್ನ ಮಗಳು ಆ ವರ್ಷ ಏಳರಲ್ಲಿದ್ದಳು. ನನ್ನ ಹೆಂಡತಿ ಸ್ಪಷ್ಟ ಹೇಳಿಬಿಟ್ಟಿದ್ದಳು.

"ಆ ಬಸ್ಸಿನ್ಯಾಗ ಗಂಡಸರ ನಡುವ ನೂಕ್ಯಾಡಕೋತ ನನ್ನ ಮಗಳು ಹೋಗೂದು ಬ್ಯಾಡ. ಊರಾಗ ಸಾಲಿ ಬಂದ್ರ ಕಳಸ್ರಿ. ಇಲ್ಲಂದ್ರ ನನ್ನ ಕೂಡ ಹೊಲಕ್ಕ ಬರ್ಲಿ."

ಮಗಳು ಅಮ್ಮನಿಗೆ ಎದುರಾಡಲಿಲ್ಲ. ನನ್ನ ಕಡೆ ತಿರುಗಿದಳು. "ಅಪ್ಪಾ, ನೀ ಊರ ಮಂದಿಗೆಲ್ಲಾ ಗ್ವಾಡಿ ಕಟ್ಟತಿ. ನಮಗೊಂದು ಸಾಲಿ ಕಟ್ಟಾಕ ಬರೂದಿಲ್ಲೇನು?"

ಬೈಲಹೊಂಗಲದ ಶಿಕ್ಷಣ ಕಚೇರಿಯ ಸಾಹೇಬರು ಹೇಳಿದ್ದು ಇಷ್ಟು: ಊರವರು ಮೂರು ಕೋಣೆ ಕಟ್ಟಿ, ಖಾಲಿ ಇಟ್ಟು ತೋರಿಸಿದರೆ ಬರುವ ಜೂನಿನಲ್ಲೇ ಎಂಟನೆಯ ಇಯತ್ತೆ ಸುರುವಾಗುತ್ತದೆ. ಇಲ್ಲವಾದರೆ ಅದು ಬೇರೆ ಊರಿನ ಪಾಲು.

ಸುದ್ದಿ ಬಂದ ಮರುದಿನವೇ ಚಾವಡಿಯಲ್ಲಿ ಊರು ಕೂಡಿತು. ಸಾವಕಾರರು ಪಟ್ಟಿ ಬೇಡವೇ ಬೇಡ ಅಂದರು. ಮೂರೂ ಕೋಣೆ ತಾವೇ ಕಟ್ಟಿಸಿಕೊಡುತ್ತಾರಂತೆ. ತಮ್ಮ ಗೋದಾಮಿನ ಮಗ್ಗಲಿನ ಜಾಗದಲ್ಲಿ. ಜಾಗ ತಮ್ಮ ಹೆಸರಲ್ಲೇ ಇರಲಿ, ಸಾಲಿಗೆ ತಮ್ಮ ತಂದೆಯ ಹೆಸರು ಇರಲಿ, ಕಮಿಟಿಗೆ ಯಾರು ಅನ್ನುವುದನ್ನು ತಾವು ಹೇಳುತ್ತೇವೆ ಅಂದರು. ಮಂದಿ ಚಪ್ಪಾಳೆ ಹೊಡೆದರು. ಚಪ್ಪಾಳೆ ಮುಗಿಯುವುದರೊಳಗೆ ನಾನು ಎದ್ದು ನಿಂತೆ.

"ಕೀಲಿ ಯಾರ ಕಡೆ ಇರತೈತ್ರಿ?"

"ಯಾವ ಕೀಲಿ?"

"ಸಾಲಿ ಕೀಲಿ."

ಯಾರೋ ಹಿಂದಿನಿಂದ ನಕ್ಕರು. "ನಾಕನೇತ್ತ ದಾಟದಾಂವ ಸಾಲಿ ಕೀಲಿ ಕೇಳತಾನ ನೋಡ್ರಪ್ಪಾ!"

"ಸಾಲಿ ಬಿಟ್ಟಾಂವಗ ಅದರ ಬಾಗಲಾ ಎಲ್ಲಿ ಮುಚ್ಚತೈತಿ ಅನ್ನೂದು ಗೊತ್ತಿರತೈತಿ," ಅಂದೆ. "ಭವನದಾಗ ಮದುವಿಗೆ ಜಾಗ ಇಲ್ಲ, ಗೊಬ್ಬರಕ್ಕ ಐತಿ. ನಾಳೆ ಸಾಲ್ಯಾಗೂ ಹಂಗ ಆದ್ರ ನಮ್ಮ ಹುಡುಗ್ಯಾರು ಚೀಲದ ಮ್ಯಾಲ ಕುಂತು ಕಲೀಬೇಕೇನ್ರಿ?"

ಸಾವಕಾರರು ಸಿಟ್ಟಾಗಲಿಲ್ಲ. ಅವರಿಗೆ ಸಿಟ್ಟಾಗುವ ಪ್ರಸಂಗ ಆವತ್ತಿನ ತನಕ ಬಂದಿರಲಿಲ್ಲ. "ಮತ್ತ ನೀ ಕಟ್ಟಸ್ತೀಯೇನು?" ಅಂದರು.

"ನಾ ಒಬ್ಬಾಂವ ಅಲ್ಲರಿ. ಊರು ಕಟ್ಟಸ್ತೈತಿ. ದಾನಾ ಮಾಡಿ ಅಲ್ಲ, ಸಾಲಾ ಮಾಡಿ."

ಚಾವಡಿ ಗೊಳ್ಳೆಂದಿತು. ಆದರೆ ಆ ಮಾತು ನಾನು ಹಾರಿಕೆಗೆ ಆಡಿದ್ದಲ್ಲ. ಹಿಂದಿನ ವರ್ಷ ರಾಮದುರ್ಗದಲ್ಲಿ ನೂಲಿಗೆ ಬಣ್ಣ ಹಾಕುವ ಒಂದು ದೊಡ್ಡ ಕೋಣೆ ಕಟ್ಟಿದ್ದೆ. ಅದು ಒಬ್ಬರದಲ್ಲ. ಓಣಿಯ ನೇಕಾರರು ತಮ್ಮ ತಮ್ಮಲ್ಲೇ ದುಡ್ಡು ಕೂಡಿಸಿದ್ದರು. ಕೊಟ್ಟವರಿಗೆಲ್ಲ ಒಂದೊಂದು ಬಾಂಡ್ ಪತ್ರ. ಬಣ್ಣ ಹಾಕಿಸಿಕೊಂಡವರು ಕೊಡುವ ಬಾಡಿಗೆ ಕೂಡಿದಂತೆ ಚೀಟಿ ಎತ್ತುವುದು, ಯಾರ ಹೆಸರು ಬಂತೋ ಅವರ ಪತ್ರ ಬಡ್ಡಿ ಸಮೇತ ತೀರಿಸುವುದು. ನನಗೆ ಮಧ್ಯಾಹ್ನದ ರೊಟ್ಟಿ ಕೊಡುತ್ತಿದ್ದ ಮುಸಲ್ಮಾನ ನೇಕಾರರೊಬ್ಬರು ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಚಂದಾ ಕೊಟ್ಟರ ಕೊಟ್ಟಾಂವ ದೊಡ್ಡಾಂವ ಆಗತಾನ ಮೇಸ್ತ್ರಿ. ಸಾಲಾ ಕೊಟ್ಟರ ಎಲ್ಲಾರೂ ಸರೀಕರು."

ಅದನ್ನೇ ಊರವರಿಗೆ ಬಿಡಿಸಿ ಹೇಳಿದೆ. ರಸ್ತೆಗೆ ಹತ್ತಿ ಪಂಚಾಯ್ತಿಯ ಜಾಗ ಇದೆ. ಹಿಂದೆ ಸಾಲಿಯ ಕೋಣೆ, ಮುಂದೆ ರಸ್ತೆಗೆ ಮುಖ ಮಾಡಿ ಅಂಗಡಿ ಮಳಿಗೆ ಕಟ್ಟೋಣ. ತಾಡಪತ್ರಿ ಕಟ್ಟಿಕೊಂಡು ಕೂಡುವ ಸೈಕಲ್ ರಿಪೇರಿಯವನು, ಮರದ ಕೆಳಗೆ ಮಿಷನ್ ಇಟ್ಟ ದರ್ಜಿ, ಚಹಾದಂಗಡಿಯವನು ಬಾಡಿಗೆಗೆ ಬರುತ್ತಾರೆ. ಬಾಡಿಗೆಯಿಂದ ಊರಿನ ಸಾಲ ತೀರುತ್ತದೆ. ತೀರಿದ ಮೇಲೆ ಮಳಿಗೆಗಳೂ ಸಾಲಿಯವೇ.

"ಭಿಶಿ ಚೀಟಿ ಇದ್ದಂಗ ಅನ್ನು," ಅಂದ ಚಹಾದಂಗಡಿಯವನು.

"ಭಿಶೀನ. ಆದ್ರ ಕಡೀಕ ಒಂದು ಸಾಲಿ ಉಳೀತೈತಿ."

ಊರಿನ ಸಾಲಿಯ ಹೆಡ್‌ಮಾಸ್ತರರು ನನ್ನ ಕಡೆ ನಿಂತರು. ಪಂಚಾಯ್ತಿಯವರು ಜಾಗ ಕೊಟ್ಟರು. ಹಾಗಂತ ಮಂದಿ ದುಡ್ಡು ಹಿಡಿದುಕೊಂಡು ಓಡಿ ಬಂದರು ಅಂದುಕೊಳ್ಳಬೇಡಿ. ಯಾರೂ ಬರಲಿಲ್ಲ. ಎಲ್ಲರೂ ಸಾವಕಾರರ ಮುಖ ನೋಡುತ್ತ ಕುಳಿತರು. ಕೊನೆಗೆ ಊರಿನ ವಾಲಿಕಾರನಿಂದ ಡಂಗುರ ಹೊಡೆಸಿದೆವು. ಹೆಡ್‌ಮಾಸ್ತರರು ಅವನಿಗೆ ಹೇಳಿಕೊಟ್ಟದ್ದು "ಸಾಲಿ ಬಾಂಡ್ ತೊಗೊಳ್ಳೋರು ನಾಳೆ ಮುಂಜಾನೆ ಚಾವಡಿಗೆ ಬರಬೇಕು" ಅಂತ. ಪಾಪ, ಅವನು ಹುಟ್ಟಿದಾಗಿನಿಂದ ಆ ಶಬ್ದ ಕೇಳಿದವನಲ್ಲ. ನಮ್ಮ ಕಡೆ ಬಾಂಡೆ ಅಂದರೆ ಅಡುಗೆಮನೆಯ ಪಾತ್ರೆ. ಅವನು ಓಣಿ ಓಣಿ ತಿರುಗಿ ಹಲಗೆ ಬಡಿದು ಸಾರಿದ್ದು, "ಸಾಲಿಗೆ ಬಾಂಡೆ ಕೊಡೋರು ಚಾವಡಿಗೆ ಬರಬೇಕ್ರೆಪೋ!"

ಮುಂಜಾನೆ ನಾನು ಚಾವಡಿಗೆ ಹೋದರೆ ಗಂಡಸರು ಒಬ್ಬರೂ ಇಲ್ಲ. ಕಟ್ಟೆಯ ತುಂಬ ಹೆಂಗಸರು. ತಲೆಯ ಮೇಲೆ ಹಂಡೆ, ಟೊಂಕದಲ್ಲಿ ಕೊಡ, ಕೈಯಲ್ಲಿ ತಂಬಿಗೆ. ತಾಮ್ರ, ಹಿತ್ತಾಳೆ, ಎಲ್ಲ ಹುಣಸೆಹಣ್ಣು ಹಚ್ಚಿ ತಿಕ್ಕಿ ಬೆಳಗಿದ್ದವು. ಮುಂದೆ ನಮ್ಮ ಓಣಿಯ ಆಯಿ ನಿಂತಿದ್ದಳು. ಸೊಪ್ಪಿನ ವ್ಯಾಪಾರ ಮಾಡುವ ಮುದುಕಿ. ಹಲ್ಲಿರಲಿಲ್ಲ, ಮಾತಿಗೆ ಅದರಿಂದ ಏನೂ ಕಡಿಮೆಯಾಗಿರಲಿಲ್ಲ.

"ಏ ಗೌಂಡೀ, ಎಲ್ಲಿ ಇಡೂನು? ಕುತ್ತಿಗಿ ನೋಯಾಕ ಹತ್ತೈತಿ."

"ಆಯೀ, ಇದೇನ ತಂದಿ?"

"ನೀನ ಬಾಂಡೆ ತರ್ರಿ ಅಂದಿ, ತಂದೇವಿ. ಸಾಲ್ಯಾಗ ಹುಡುಗರಿಗೆ ಅಡಗಿ ಮಾಡಿ ಹಾಕತಾರಂತಲ್ಲ?"

ಹೆಡ್‌ಮಾಸ್ತರರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ನಾನು ಕೈಮುಗಿದು, ಅದು ಬಾಂಡೆ ಅಲ್ಲ, ಬಾಂಡ್, ಸಾಲದ ಪತ್ರ ಅಂತ ತಿಳಿಸಿ ಹೇಳಿದೆ. ತಪ್ಪಾಗಿದೆ, ಮನೆಗೆ ಒಯ್ಯಿರಿ ಅಂದೆ. ಆಯಿ ಹಂಡೆಯನ್ನು ದಪ್ಪಂತ ಕಟ್ಟೆಯ ಮೇಲೆ ಇಳಿಸಿದಳು.

"ಊರಿಗೆಲ್ಲಾ ತೋರಿಸಿಕೋತ ಹೊತ್ತ ತಂದೇನಿ. ಈಗ ಹೊಳ್ಳಿ ಹೊತಗೊಂಡು ಹೋದ್ರ, ಮುದುಕಿ ಹಂಡೆ ಸಾಲಿಗೆ ಬ್ಯಾಡಾತು ಅಂತಾರ. ನಾ ಒಯ್ಯೂದಿಲ್ಲ. ಇದನ್ನ ಮಾರಿ ನಿನ್ನ ಅದೇನೋ ಪತ್ರ ಕೊಡು."

"ತವರಿನ ಹಂಡೆ ಐತಲ್ಲ ಆಯಿ?"

"ಅದಕ್ಕ ಹೇಳಾಕತ್ತೇನಿ. ಗಂಡನ ಮನೀದಾಗಿದ್ರ ಕೇಳಬೇಕಾಗಿತ್ತು."

ಅವಳ ಹಿಂದಿದ್ದವರೂ ಒಬ್ಬೊಬ್ಬರಾಗಿ ಇಳಿಸಿದರು. ಎಲ್ಲರೂ ಅಲ್ಲ. ಕೆಲವರು ನಾಚಿಕೊಂಡು ಹೊರಳಿ ಹೋದರು, ಕೆಲವರು ಹಂಡೆ ಒಯ್ದು ತಂಬಿಗೆ ಬಿಟ್ಟರು. ಅಷ್ಟರಲ್ಲಿ ಗಂಡಂದಿರಿಗೆ ಸುದ್ದಿ ಮುಟ್ಟಿ ಓಡಿ ಬಂದರು. ಬಂದವರು ಮೊದಲು ಎತ್ತಿದ ತಕರಾರು, ಪತ್ರ ಯಾರ ಹೆಸರಿಗೆ ಅನ್ನುವುದು. ಮನೆಯ ಯಜಮಾನ ಇರುವಾಗ ಹೆಂಗಸರ ಹೆಸರಿಗೆ ಹೇಗೆ ಬರೆಯುತ್ತೀರಿ ಅಂತ ಹೆಡ್‌ಮಾಸ್ತರರ ಮೇಲೆ ಬಿದ್ದರು. ಅವರು ಪೆನ್ನು ಹಿಡಿದು ನನ್ನ ಮುಖ ನೋಡಿದರು, ನಾನು ಆಯಿಯ ಮುಖ ನೋಡಿದೆ.

ನಮ್ಮ ಕಡೆ ಮದುವೆಯಲ್ಲಿ ಕೊಟ್ಟ ಪಾತ್ರೆಗೆ ಹೆಸರು ಹೊಡೆಸುತ್ತಾರೆ. ಚಿಕ್ಕ ಉಳಿಯಿಂದ ಚುಕ್ಕೆ ಚುಕ್ಕೆಯಾಗಿ ಹುಡುಗಿಯ ಹೆಸರು ಕೆತ್ತಿಸಿ ಕಳಿಸುತ್ತಾರೆ. ಆಯಿ ಹಂಡೆಯನ್ನು ಮಗ್ಗಲಿಗೆ ತಿರುಗಿಸಿ ಕಂಠದ ಮೇಲೆ ಬೆರಳಿಟ್ಟಳು.

"ನನಗ ಓದಾಕ ಬರೂದಿಲ್ಲ ಮಾಸ್ತರ. ಇಲ್ಲಿ ಯಾರ ಹೆಸರೈತಿ ಓದ್ರಿ. ಅದನ್ನ ಬರೀರಿ."

ಮಾಸ್ತರರು ಓದಿದರು. ಬರೆದರು. ಒಂದಾದ ಮೇಲೊಂದು ಹಂಡೆ ತಿರುಗಿತು, ಒಂದಾದ ಮೇಲೊಂದು ಹೆಸರು ಪತ್ರದ ಮೇಲೆ ಇಳಿಯಿತು. ಗಂಡಸರು ಮೀಸೆಯಡಿ ಏನೋ ವಟಗುಟ್ಟಿದರು. ತಾಮ್ರದ ಮೇಲೆ ಹೊಡೆದದ್ದನ್ನು ಅಳಿಸುವ ದಾರಿ ಯಾರಿಗೂ ಗೊತ್ತಿರಲಿಲ್ಲ.

ಬೈಲಹೊಂಗಲದ ಪಾತ್ರೆ ವ್ಯಾಪಾರಿ ಅದನ್ನೆಲ್ಲ ಕೊಂಡ. ಅಷ್ಟರಿಂದಲೇ ಸಾಲಿ ಏಳಲಿಲ್ಲ, ಸುಳ್ಳೇಕೆ ಹೇಳಲಿ. ಆದರೆ ಹೆಂಡತಿಯ ಹೆಸರಲ್ಲಿ ಪತ್ರ ಇದ್ದು ತನ್ನ ಹೆಸರಲ್ಲಿ ಇಲ್ಲ ಅಂದರೆ ನಮ್ಮ ಗಂಡಸರಿಗೆ ನಿದ್ದೆ ಹತ್ತೀತೇ? ಹತ್ತಿ ಮಾರಿ ಬಂದವರು, ಎಮ್ಮೆ ಮಾರಿದವರು, ಡ್ರೈವರಿಕೆಯಲ್ಲಿ ಉಳಿಸಿದವರು ಒಬ್ಬೊಬ್ಬರಾಗಿ ಬಂದರು. ನಾನು ಪಾಯ ತೆಗೆದೆ.

ಗೋಡೆ ಕಿಡಕಿಯ ಮಟ್ಟಕ್ಕೆ ಬಂದಾಗ ಸಾವಕಾರರು ಹೊಸ ಆಟ ಸುರು ಮಾಡಿದರು. ಪತ್ರ ಇದ್ದ ಗಂಡಸರನ್ನು ಒಬ್ಬೊಬ್ಬರನ್ನೇ ಕರೆಸಿ, ಚೀಟಿ ಬರುವ ತನಕ ಯಾಕೆ ಕಾಯುತ್ತೀರಿ, ಕೊಟ್ಟದ್ದಕ್ಕಿಂತ ಮೇಲೆ ಕೊಡುತ್ತೇನೆ, ಪತ್ರ ನನಗೆ ಕೊಡಿ ಅಂದರು. ಬಿತ್ತನೆ ಹತ್ತಿರ ಬಂದಿತ್ತು, ಅವರಂಗಡಿಯಲ್ಲಿ ಗೊಬ್ಬರದ ಉದ್ರಿಯೂ ಇತ್ತು. ಕೊಟ್ಟರು. ನಾನು ಅವರನ್ನು ಬೈಯುವುದಿಲ್ಲ. ಬೈದೆ, ಆಗ ಬೈದೆ, ಈಗ ಬೈಯುವುದಿಲ್ಲ. ಹೆಂಗಸರ ಹತ್ತಿರವೂ ಆಳು ಕಳಿಸಿದರಂತೆ. ಆಯಿ ಅವನ ಮುಂದೆ ಸೊಪ್ಪಿನ ಬುಟ್ಟಿ ಇಟ್ಟು, "ಪತ್ರ ಇಲ್ಲೋ ಯಪ್ಪಾ, ಮೆಂತೆಪಲ್ಯೆ ಐತಿ, ಒಯ್ಯತೀಯೇನು?" ಅಂದಳಂತೆ.

ಮೇ ತಿಂಗಳ ಕೊನೆಗೆ ಮೂರೂ ಕೋಣೆ, ರಸ್ತೆಯ ಕಡೆಯ ಮಳಿಗೆಗಳೂ ಎದ್ದವು. ಮುಂದಿನ ವಾರ ಸಾಹೇಬರು ನೋಡಲು ಬರುವವರಿದ್ದರು. ಅದಕ್ಕೆ ಮೊದಲು ಕಮಿಟಿ ಆರಿಸಿ ಕೀಲಿ ಕೊಡಬೇಕು ಅಂತ ಪತ್ರ ಬರೆಸಿಕೊಂಡವರೆಲ್ಲರ ಸಭೆ ಕರೆದೆವು, ಆಮೇಲೆ ಅದನ್ನು ಮಾರಿದವರನ್ನೂ ಸೇರಿಸಿ. ಸಾಲಿಯ ನಡುವಿನ ಕೋಣೆಯಲ್ಲೇ. ಗೋಡೆಗೆ ಬಳಿದ ಗಿಲಾಯಿ ಇನ್ನೂ ಹಸಿ ಇತ್ತು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಕುಳಿತರು. ಹೆಂಗಸರು ಊರಿನ ಸಭೆಯಲ್ಲಿ ಕುಳಿತದ್ದನ್ನು ನಾನು ಅದಕ್ಕಿಂತ ಮೊದಲು ನೋಡಿರಲಿಲ್ಲ. ಬರಬೇಡಿ ಅನ್ನಲು ಯಾರಿಗೂ ಬಾಯಿ ಇರಲಿಲ್ಲ, ಅವರ ಸೆರಗಿನಲ್ಲಿ ಪತ್ರ ಇತ್ತು.

ಸಾವಕಾರರು ಬಂದರು. ಕೈಯಲ್ಲಿ ಪತ್ರಗಳ ಕಟ್ಟು. ಮೇಜಿನ ಮೇಲೆ ಇಟ್ಟರು.

"ನೋಡ್ರಿ, ಇದರಾಗ ಅರ್ಧಕ್ಕಿಂತ ಹೆಚ್ಚು ಪತ್ರ ನನ್ನ ಕಡೆ ಅದಾವು. ಅಂದಮ್ಯಾಲ ಹೆಚ್ಚಿನ ಮಾತೂ ನಂದ. ಕೀಲಿ ನನಗ ಕೊಡ್ರಿ. ಈ ಸಲ ಕೋಣ್ಯಾಗ ಗೊಬ್ಬರ ಇರ್ಲಿ, ಸಾಲಿ ಮುಂದಿನ ವರ್ಷ ಮಾಡೂನು. ಅವಸರ ಏನೈತಿ?"

ಅವಸರ ಏನೈತಿ! ನನ್ನ ಮಗಳು ಹೊರಗೆ ಕಿಡಕಿಯ ಕೆಳಗೆ ಗೆಳತಿಯರ ಜೊತೆ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಮುಂದಿನ ವರ್ಷಕ್ಕೆ ಅವಳು ಹೊಲದಲ್ಲಿರುತ್ತಾಳೆ. ಹೊಲಕ್ಕೆ ಹೋದ ಹುಡುಗಿ ಸಾಲಿಗೆ ಹೊರಳಿ ಬಂದದ್ದನ್ನು ನಮ್ಮೂರು ಕಂಡಿರಲಿಲ್ಲ.

"ಪತ್ರ ಎಷ್ಟರ ಇರ್ಲಿ ಸಾವಕಾರ್ರ," ಅಂದೆ. "ನಿಮಗ ಬಡ್ಡಿ ಬರತೈತಿ, ಅಸಲ ಬರತೈತಿ. ಚೀಟಿ ಎತ್ತಿದಾಗ ಎಲ್ಲಾರಂಗ ನಿಮಗೂ ಬರತೈತಿ. ಕೀಲಿ ಬರೂದಿಲ್ಲ."

"ಯಾರು ಹೇಳಿದ್ರು? ಎಲ್ಲಿ ಬರದೈತಿ?"

ಎಲ್ಲಿಯೂ ಬರೆದಿರಲಿಲ್ಲ. ಹೆಡ್‌ಮಾಸ್ತರರು ತಲೆ ಕೆಳಗೆ ಹಾಕಿದರು. ಪತ್ರಕ್ಕೊಂದು ಮತವೋ, ಮನುಷ್ಯನಿಗೊಂದು ಮತವೋ ಅಂತ ನಾವು ಯೋಚನೆಯನ್ನೇ ಮಾಡಿರಲಿಲ್ಲ. ಪತ್ರ ಮಾರಿಕೊಂಡವರು ಗೋಡೆಯ ಕಡೆ ನೋಡುತ್ತಿದ್ದರು, ಅದು ನಾನು ಕಟ್ಟಿದ ಗೋಡೆ, ನೋಡುವಂಥದ್ದೇ, ಆದರೆ ಅದಕ್ಕಲ್ಲ. ಆಗ ಹೆಂಗಸರ ಕಡೆಯಿಂದ ಆಯಿ ಕೇಳಿದಳು.

"ಸಾವಕಾರಾ, ಈ ಊರಾಗ ಏನರ ನಿರ್ಣೇ ಮಾಡಬೇಕಾದ್ರ ಏನ ಅಂತಾರ?"

"ಏನಂತಾರ? ಕೈ ಎತ್ರಿ ಅಂತಾರ."

"ಹಾಂ. ಆ ಕಾಗದಕ್ಕ ಕೈ ಅದಾವೇನು? ಇದ್ರ ಎತ್ತಾಕ ಹೇಳು."

ಮೊದಲು ನಕ್ಕವನು ಚಹಾದಂಗಡಿಯವನು. ಆಮೇಲೆ ಕೋಣೆಗೆ ಕೋಣೆಯೇ ನಕ್ಕಿತು. ನಗು ಇಳಿಯುವುದಕ್ಕೂ ಬಿಡದೆ ನಾನು ಕೂಗಿದೆ.

"ಕೀಲಿ ಸಾಲಿ ಕಮಿಟಿ ಕಡೆ ಇರಬೇಕು, ಜೂನಿನ್ಯಾಗ ಸಾಲಿ ಸುರು ಆಗಬೇಕು ಅನ್ನಾವರು ಕೈ ಎತ್ರಿ!"

ಹೆಂಗಸರ ಕೈ ಒಮ್ಮೆಗೇ ಎದ್ದವು, ಬಳೆಗಳ ಸಪ್ಪಳ ಹಸಿ ಗೋಡೆಗೆ ಬಡಿದು ಹೊರಳಿ ಬಂತು. ನನ್ನ ಹೆಂಡತಿಯ ಕೈಯೂ ಇತ್ತು. ಗಂಡಸರಲ್ಲಿ ಅರ್ಧ ಮಂದಿ ಎತ್ತಿದರು, ಉಳಿದವರು ಸಾವಕಾರರ ಮುಖ ನೋಡಿ, ಹೆಂಡತಿಯ ಮುಖ ನೋಡಿ, ಅರ್ಧಕ್ಕೆ ಎತ್ತಿ ನಿಲ್ಲಿಸಿದರು. ಬೇಡ ಅನ್ನುವವರು ಎತ್ತಿರಿ ಅಂದಾಗ ಸಾವಕಾರರ ಕೈ ಎದ್ದಿತು. ಒಂದೇ. ಅವರಿಗೂ ದೇವರು ಕೊಟ್ಟದ್ದು ಎಲ್ಲರಷ್ಟೇ.

ಅವರು ಕೋರ್ಟಿಗೆ ಹೋಗುತ್ತೇನೆ ಅಂದರು. ಹೋಗಲಿಲ್ಲ. ಬಡ್ಡಿ ಮಾತ್ರ ಒಂದು ಪೈಸೆ ಬಿಡದೆ ಎಣಿಸಿಕೊಂಡರು, ನಾವೂ ಬಿಡದೆ ಕೊಟ್ಟೆವು. ಹೊಸ ಶತಮಾನ ಬಂದು ಕೆಲ ವರ್ಷಕ್ಕೆ ಕೊನೆಯ ಪತ್ರ ತೀರಿತು. ಈಗ ಮಳಿಗೆಗಳ ಬಾಡಿಗೆಯಲ್ಲಿ ಸಾಲಿಯ ಛಾವಣಿ ರಿಪೇರಿಯಾಗುತ್ತದೆ, ನಲ್ಲಿಗೆ ನೀರು ಬರುತ್ತದೆ. ಪರ ಊರವರು ಬಂದು, ಈ ಕಟ್ಟಡ ಯಾರು ಕೊಟ್ಟದ್ದು ಅಂತ ಕೇಳುತ್ತಾರೆ. ಯಾರೂ ಕೊಟ್ಟಿಲ್ಲ ಅನ್ನುತ್ತೇನೆ. ಸಾಲ ಮಾಡಿದೆವು, ತೀರಿಸಿದೆವು. ಅವರಿಗೆ ನಂಬಿಕೆ ಬರುವುದಿಲ್ಲ. ಬಡವರು ಕೈ ಒಡ್ಡಿದ್ದನ್ನು ನೋಡಿ ನೋಡಿ ರೂಢಿಯಾದವರಿಗೆ, ಬಡವರು ಸಾಲ ಕೊಟ್ಟದ್ದು ತಿಳಿಯುವುದು ಕಷ್ಟ.

ಆ ಸಭೆಯ ಮುಂದಿನ ವಾರ ಸಾಹೇಬರು ಬಂದರು, ಮೂರು ಖಾಲಿ ಕೋಣೆ ನೋಡಿದರು, ಮಂಜೂರು ಮಾಡಿದರು. ಜೂನಿನಲ್ಲಿ ಸಾಲಿ ಸುರುವಾದ ದಿನ ನಾನು ಊರಲ್ಲಿರಲಿಲ್ಲ. ಸವದತ್ತಿಯಲ್ಲಿ ಒಬ್ಬರ ಮನೆಯ ಛತ್ತು ಹಾಕುವುದಿತ್ತು. ಹೆಡ್‌ಮಾಸ್ತರರು ಬೇಸರ ಮಾಡಿಕೊಂಡರು. ನೀನೇ ಇಲ್ಲದಿದ್ದರೆ ಹೇಗೆ, ಒಂದು ಹಾರ ತರಿಸಿದ್ದೆ ಅಂದರು. ಹಾರ ಹಾಕಿಸಿಕೊಳ್ಳಲು ಕಟ್ಟಿದ್ದಲ್ಲ. ಒಪ್ಪಿಕೊಂಡ ಕೆಲಸ ಬಿಟ್ಟು ಬರುವವನೂ ನಾನಲ್ಲ.

ಸಂಜೆ ಬಸ್ಸಿಳಿದು ಮನೆಗೆ ಬಂದಾಗ ಮಗಳು ಹೊಸಿಲ ಮೇಲೆ ಕುಳಿತಿದ್ದಳು. ಎಂಟನೆಯ ಇಯತ್ತೆಯ ಪುಸ್ತಕ ತೊಡೆಯ ಮೇಲಿತ್ತು. ಹೊಗಳುತ್ತಾಳೆ ಅಂದುಕೊಂಡು ನಿಧಾನಕ್ಕೆ ಚಪ್ಪಲಿ ಬಿಟ್ಟೆ. ಅವಳು ತಲೆ ಎತ್ತಿದಳು.

"ಅಪ್ಪಾ, ಕಿಡಕಿ ಭಾಳ ಮ್ಯಾಲ ಇಟ್ಟೀ ನೋಡು. ಕುಂತ್ರ ಹೊರಗಿಂದು ಏನೂ ಕಾಣೂದಿಲ್ಲ."

"ಹೊರಗ ನೋಡಾಕ ಕಳಿಸಿಲ್ಲ ನಿನ್ನ," ಅಂದೆ. "ನಾಳೆ ಏನ ಕಲಿಸ್ತಾರ, ಅದನ್ನ ಓದು."